ಅಲೆಗಳಿಗೆ ಅಡ್ಡ ನಿಲ್ಲುವ ಪ್ಲಾಸ್ಟಿಕ್

ಅಡುಗೆಮನೆಯಲ್ಲಿ ಮಿಕ್ಸಿ ತಿರುಗತೊಡಗಿದೊಡನೆ ರೇಡಿಯೋ ಕರಕರ ಎನ್ನುವುದುಂಟು. ಮೋಟಾರಿನೊಳಗಿನ ಕಿಡಿಗಳಿಂದ ಹೊಮ್ಮುವ ವಿದ್ಯುತ್ಕಾಂತ ಅಲೆಗಳನ್ನು ರೇಡಿಯೋ ಹಾಡಿನ ಜೊತೆಗೇ ಹಿಡಿಯುತ್ತದೆ. ಹಾಡು ಕೆಟ್ಟರೆ ಸಹಿಸಬಹುದು, ಆಸ್ಪತ್ರೆಯ ಇ.ಸಿ.ಜಿ. ಯಂತ್ರಕ್ಕೆ ಇಂತಹ ಗೊಂದಲ ತಗಲಿದರೆ ಸಹಿಸಲಾಗದು.

ಇದಕ್ಕೆ ಹಳೆಯ ಮದ್ದು ಲೋಹದ ಕವಚ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹ ಹೊದಿಸಿದ ಕೋಣೆಯೊಳಗೆ ತಾವೇ ಕುಳಿತು, ಹೊರಗಿನ ವಿದ್ಯುತ್ತು ಒಳಗೆ ತಾಗದೆಂದು ತೋರಿಸಿದ್ದರು. ಆದರೆ ಲೋಹ ಭಾರ. ಮೇಲಾಗಿ ಅದು ಅಲೆಗಳನ್ನು ಬಹುಪಾಲು ಹಿಂದಕ್ಕೆ ಎಸೆಯುವುದರಿಂದ ಅವು ಪಕ್ಕದ ಉಪಕರಣವನ್ನು ಕಾಡುತ್ತವೆ. ಪ್ಲಾಸ್ಟಿಕ್ ಹಗುರ ನಿಜ, ಅಲೆಗಳಿಗೆ ಮಾತ್ರ ಅದು ತೆರೆದ ಬಾಗಿಲು.

ಆ ಬಾಗಿಲು ಮುಚ್ಚುವ ದಾರಿ ತೆರೆದದ್ದು ಒಂದು ತಪ್ಪಿನಿಂದ. 1967ರಲ್ಲಿ ಜಪಾನಿನ ಹಿಡೆಕಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ ಕ್ರಿಯಾವರ್ಧಕವು ಸಾವಿರ ಪಟ್ಟು ಹೆಚ್ಚು ಬಿದ್ದು, ಪಾಲಿಅಸಿಟಿಲೀನ್ ಪುಡಿಯಾಗುವ ಬದಲು ಬೆಳ್ಳಿಯಂತೆ ಹೊಳೆಯುವ ಹಾಳೆಯಾಯಿತು. ಮುಂದೆ ಅಲನ್ ಹೀಗರ್, ಅಲನ್ ಮ್ಯಾಕ್‌ಡಿಯರ್ಮಿಡ್ ಅವರೊಡಗೂಡಿ ಅಂತಹ ಹಾಳೆಗೆ ಅಯೋಡಿನ್ ಆವಿ ತಾಗಿಸಿದಾಗ ಅದರ ವಾಹಕತೆ ಸುಮಾರು ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟವಾದ ಈ ಶೋಧಕ್ಕೆ 2000ದಲ್ಲಿ ಮೂವರಿಗೂ ನೊಬೆಲ್ ಸಂದಿತು.

ಆದೋನಿಯಲ್ಲಿ ರೈಲು ಹತ್ತಿದರೆ ರಾಯಚೂರು ದಾಟಿ ಸಿಗುವ ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ, ಇದೇ ಕುಲದ ಪಾಲಿಅನಿಲೀನ್ ಕುರಿತು ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡವು ಪ್ಲಾಸ್ಟಿಕ್ಕಿನೊಳಗೆ ಇಂಗಾಲದ ನ್ಯಾನೋ ನಳಿಕೆಗಳನ್ನು ಬೆರೆಸಿ ಕವಚ ರೂಪಿಸುತ್ತಿದೆ. ನಳಿಕೆಯೇ ಏಕೆ? ಹತ್ತಿಯ ಊರಿನವರಿಗೆ ಇದು ಸುಲಭವಾಗಿ ತಿಳಿದೀತು. ಒಂದು ಹಿಡಿ ಹತ್ತಿಬೀಜವನ್ನು ಅಂಗಳದಲ್ಲಿ ಎರಚಿದರೆ ಬೀಜಗಳು ದೂರದೂರ ಬೀಳುತ್ತವೆ. ಅಷ್ಟೇ ತೂಕದ ಅರಳೆಯನ್ನು ಹಿಂಜಿ ಹರಡಿದರೆ ಎಳೆಗೆ ಎಳೆ ತಾಗಿ ಬಲೆಯಾಗುತ್ತದೆ. ಹಾಗೆಯೇ ಉದ್ದವಾದ ನಳಿಕೆಗಳು ಒಂದನ್ನೊಂದು ಮುಟ್ಟಿ, ಅತಿ ಕಡಿಮೆ ಪ್ರಮಾಣದಲ್ಲಿಯೇ ವಿದ್ಯುತ್ತಿಗೆ ಹಾದಿಯಾಗುತ್ತವೆ. ಬಂದ ಅಲೆಯ ಬಹುಭಾಗ ಅಲ್ಲಿಯೇ ಶಾಖವಾಗಿ ಕರಗುತ್ತದೆ. ಕವಚದ ಬಲವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ: 20 ಡೆಸಿಬೆಲ್ ಎಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ತಡೆದಂತೆ.

ಮೊಬೈಲಿಗೆ ಅಂಟಿಸುವ 'ವಿಕಿರಣ ತಡೆ' ಚೀಟಿಗಳನ್ನು ಕೊಳ್ಳುವ ಮುನ್ನ ಈ ಲೆಕ್ಕ ನೆನಪಿರಲಿ. ಚೀಟಿ ನಿಜವಾಗಿ ಅಲೆಗಳನ್ನು ತಡೆದರೆ ಮೊಬೈಲ್ ಮೂಕವಾಗಬೇಕು. ಅರೆಬರೆ ತಡೆದರೆ ಗೋಪುರವನ್ನು ಮುಟ್ಟಲು ಮೊಬೈಲ್ ಇನ್ನಷ್ಟು ಬಲವಾಗಿ ಅಲೆ ಹೊಮ್ಮಿಸುತ್ತದೆ. ಮಕ್ಕಳು ಮನೆಯಲ್ಲಿಯೇ ಪರೀಕ್ಷಿಸಬಹುದು: ಅಲ್ಯೂಮಿನಿಯಂ ಹಾಳೆಯಲ್ಲಿ ಸಂದಿಲ್ಲದಂತೆ ಸುತ್ತಿದ ಮೊಬೈಲಿಗೆ ಕರೆ ಮಾಡಿದರೆ ಸಾಮಾನ್ಯವಾಗಿ ಸದ್ದಿರದು. ಸ್ಟೀಲ್ ಡಬ್ಬಿಯಲ್ಲಿಟ್ಟರೆ ಮುಚ್ಚಳದ ಸಂದಿನಿಂದ ಅಲೆ ನುಸುಳಿ, ಗಂಟೆ ಮೊಳಗುವುದೂ ಉಂಟು.