ಚಿಕಿತ್ಸೆ ಉಚಿತ, ಕೂಲಿ ಖೋತಾ

ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025–26ರ ಬಜೆಟ್‌ನಲ್ಲಿ ಘೋಷಿಸಿದೆ. ಇದು ಸ್ವಾಗತಾರ್ಹ. ಆದರೂ ರಕ್ತದ ಕ್ಯಾನ್ಸರ್ ತಗುಲಿದ ಮಗುವಿಗೆ ಎರಡು–ಮೂರು ವರ್ಷ ತಜ್ಞರ ಚಿಕಿತ್ಸೆ ಬೇಕು. ಕೆಜಿಎಫ್, ಬಂಗಾರಪೇಟೆಯ ಕುಟುಂಬಗಳಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಲೆಯುವುದು ಸದ್ಯಕ್ಕೆ ತಪ್ಪದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ರಾಜಧಾನಿಯ ದುಡಿಮೆಯನ್ನೇ ನೆಚ್ಚಿದ್ದಾರೆ. ಅದೇ ರೈಲಿನಲ್ಲಿ ಆಸ್ಪತ್ರೆಯ ಫೈಲು, ಬುತ್ತಿ ಹಿಡಿದು ಮಗುವನ್ನು ಕರೆದೊಯ್ಯುವ ದಿನ ಕೂಲಿ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಕಳೆದುಹೋದ ಕೂಲಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಕಡೆ ಆಸರೆಯಾಗುತ್ತಿರುವವರು ಸ್ವಯಂಸೇವಕರು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಪೀಡಿತ ಮಕ್ಕಳಿಗಾಗಿ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ವರ್ಷಗಳಿಂದ ಮಾಡುತ್ತಿರುವ ಕೆಲಸ ನಿಜಕ್ಕೂ ದೊಡ್ಡದು. ಆದರೆ ದಾನಿಗಳ ಔದಾರ್ಯವೊಂದನ್ನೇ ನಂಬಿ ಸರ್ಕಾರ ಕೈಕಟ್ಟಿ ಕೂರಲಾಗದು. ಕೂಲಿಯ ಒತ್ತಡಕ್ಕೆ ಮಣಿದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಗುವಿನ ಜೀವಕ್ಕೇ ಎರವು. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ₹1,000 ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವ ವ್ಯವಸ್ಥೆ ಈಗಾಗಲೇ ಇದೆ. ಗಂಭೀರ ಕಾಯಿಲೆಯ ಮಕ್ಕಳಿರುವ ಬಡ ಕುಟುಂಬಗಳಿಗೂ ಅಂಥದೇ ಮಾಸಿಕ ನೆರವನ್ನು, ಕೂಲಿನಷ್ಟಕ್ಕೆ ತಕ್ಕ ಮೊತ್ತದಲ್ಲಿ, ರಾಜ್ಯ ಸರ್ಕಾರ ಕೂಡಲೇ ಆರಂಭಿಸಬೇಕು.