ಪಾಠಕ್ಕೆ ಬಂದ ನೀಲಿಚಿತ್ರ

ಕದ್ದುಮುಚ್ಚಿ ನೋಡುವ ನೀಲಿಚಿತ್ರ ವಿಶ್ವವಿದ್ಯಾಲಯದಲ್ಲಿ ಪಾಠವಾಗಬಹುದೆ? ಅಮೆರಿಕದಲ್ಲಿ ಆಗಿ ಮೂರು ದಶಕ ದಾಟಿದೆ. ಚಲನಚಿತ್ರ ವಿದ್ವಾಂಸೆ ಲಿಂಡಾ ವಿಲಿಯಮ್ಸ್ 1989ರಲ್ಲಿ ‘ಹಾರ್ಡ್ ಕೋರ್’ ಎಂಬ ಪುಸ್ತಕ ಬರೆದು, ಹಾಡು-ಕುಣಿತದ ಚಿತ್ರಗಳಿಗೆ ಇರುವಂತೆ ಇದಕ್ಕೂ ತನ್ನದೇ ಇತಿಹಾಸ, ಸಿದ್ಧಸೂತ್ರ ಇವೆ ಎಂದು ತೋರಿಸಿದರು. 1993ರಲ್ಲಿ ಕಾನ್‌ಸ್ಟನ್ಸ್ ಪೆನ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪಾಠಕ್ಕೆ ಎತ್ತಿಕೊಂಡರು. ಗದ್ದಲವಾಯಿತು, ತರಗತಿಯೂ ನಡೆಯಿತು.

ಹಾಗೆಂದು ಸಮಾಜ ಒಂದೇ ದಿಕ್ಕಿಗೆ ನಡೆಯುತ್ತಿಲ್ಲ. ಯೂಟಾ ರಾಜ್ಯದ ಶಾಸನಸಭೆ 2016ರಲ್ಲಿ ಅಶ್ಲೀಲ ಚಿತ್ರಗಳು ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು ಸಾರಿತು. ಅದೇ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಕಾಲೇಜು 2022ರಲ್ಲಿ, ಇಂಥ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡಿ ಚರ್ಚಿಸುವ ಐಚ್ಛಿಕ ಪಾಠ ಪ್ರಕಟಿಸಿದಾಗ ಟೀಕೆಯ ಮಳೆಯೇ ಸುರಿಯಿತು.

ಕಾಲರಾ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಾಲರಾ ಅಂಟುವುದಿಲ್ಲ; ಓದಿನ ವಿಷಯವೆಂದು ಬೆಚ್ಚಬೇಕಿಲ್ಲ. ಈ ಉದ್ಯಮದ ಹಣ ಯಾರ ಜೇಬು ಸೇರುತ್ತದೆ, ನಟಿಸಿದವರ ಒಪ್ಪಿಗೆ ಎಷ್ಟು ನಿಜ, ಕಾನೂನು ಏನು ಹೇಳುತ್ತದೆ ಎಂದು ಕೇಳಲು ತರಗತಿಗಿಂತ ಒಳ್ಳೆಯ ಜಾಗವಿಲ್ಲ. ಅದಕ್ಕೆ ಚಿತ್ರ ತೋರಿಸಲೇಬೇಕೆ ಎಂಬುದೇ ತೊಡಕು. ಐಚ್ಛಿಕ ಪಾಠ, ಬೇಡದವರು ಸೇರಬೇಡಿ ಎನ್ನುವುದು ಸುಲಭ. ಸೇರಿದ ಮೇಲೆ, ಅಂಕ ಹಾಕುವ ಮೇಷ್ಟರ ಎದುರು, ‘ಇದನ್ನು ನೋಡಲಾರೆ’ ಎನ್ನಲು ಎಷ್ಟು ವಿದ್ಯಾರ್ಥಿಗಳಿಗೆ ಬಾಯಿ ಬಂದೀತು?