ಎಸೆಯುವ ಕೈಗೂ ಒಂದು ವ್ರತ

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾ ಸಮಿತಿಯನ್ನು ಬಹುಮಂದಿ ಬಲ್ಲರು. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡುವುದೇ ಅದರ ಕ್ರಮ. ಹಿತಮಿತವಾಗಿ ನುಡಿಯುವ ಭಾಷಾ ಸಮಿತಿ, ದೋಷವಿಲ್ಲದ ಆಹಾರವನ್ನು ಸ್ವೀಕರಿಸುವ ಏಷಣಾ ಸಮಿತಿ, ವಸ್ತುಗಳನ್ನು ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣ ಸಮಿತಿ ಇವು ಕೂಡ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತವೆ. ಐದನೆಯದಾದ ಉತ್ಸರ್ಗ ಸಮಿತಿ ಮಾತ್ರ ಹೆಸರಿನ ಉಲ್ಲೇಖದಲ್ಲೇ ಮುಗಿದುಹೋಗುತ್ತದೆ. ದೇಹದ ಮಲವನ್ನಾಗಲಿ, ಬೇಡವಾದ ವಸ್ತುವನ್ನಾಗಲಿ ಜೀವಜಂತುಗಳಿಲ್ಲದ, ಪರರಿಗೆ ಬಾಧೆಯಾಗದ ಸ್ಥಳವನ್ನು ಪರೀಕ್ಷಿಸಿಯೇ ವಿಸರ್ಜಿಸಬೇಕೆಂಬುದು ಅದರ ವಿಧಿ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ನಡೆ, ನುಡಿ, ಊಟಗಳ ಸಾಲಿನಲ್ಲಿಯೇ ವಿಸರ್ಜನೆಯನ್ನೂ ಇರಿಸಿದೆ. ಬಿಸಾಡುವುದನ್ನೂ ಸಾಧನೆಯ ಅಂಗವೆಂದು ಎಣಿಸಿದ ಈ ಸೂಕ್ಷ್ಮತೆ ಇಂದಿನ ಗೃಹಸ್ಥರಿಗೆ ಅತ್ಯಗತ್ಯವಾಗಿದೆ.

ದಾವಣಗೆರೆಯಿಂದ ಹರಿಹರದ ಕಡೆಗೆ ಹೊರಟವರು ಊರಿನ ಅಂಚು ದಾಟಿ ಯಾವುದಾದರೊಂದು ಬಂಡಿದಾರಿಗೆ ಇಳಿದರೆ ಇದರ ಕಾರಣ ಕಣ್ಣಿಗೆ ಬೀಳುತ್ತದೆ. ಭದ್ರಾ ನಾಲೆಯ ನೀರಿನಿಂದ ಹಸಿರಾದ ಗದ್ದೆಗಳ ಬದಿಯಲ್ಲಿ, ನಾಲೆಯ ಏರಿಯ ಮೇಲೆ, ಹೊಲಕ್ಕೆ ಹೋಗುವ ಕಿರುದಾರಿಯ ಮಗ್ಗುಲಲ್ಲಿ ಕೆಡವಿದ ಮನೆಯ ಇಟ್ಟಿಗೆ ಚೂರು, ಒಡೆದ ಟೈಲ್ಸ್, ಗಾಜು, ಅವಧಿ ಮೀರಿದ ಔಷಧಿ, ಕೋಳಿ ಅಂಗಡಿಯ ತ್ಯಾಜ್ಯ, ಸಮಾರಂಭದ ಎಂಜಲೆಲೆ ಮತ್ತು ಪ್ಲಾಸ್ಟಿಕ್ ಲೋಟಗಳ ರಾಶಿಗಳು ಸಿಗುತ್ತವೆ. ಇವನ್ನು ಸುರಿದವರು ಬಹುಪಾಲು ಆ ದಾರಿಯಲ್ಲಿ ನಡೆಯುವವರಲ್ಲ. ಕತ್ತಲಾದ ಮೇಲೆ ಟ್ರ್ಯಾಕ್ಟರ್ ಅಥವಾ ಲಗೇಜ್ ಆಟೊ ಬರುತ್ತದೆ, ಹೊರೆ ಇಳಿಸಿ ಹೋಗುತ್ತದೆ. ಬೆಳಗಾದಾಗ ಆ ದಾರಿಯಲ್ಲಿ ಬರುವವರು ಬೇರೆ: ನಾಟಿ ಮಾಡಲು ಬರಿಗಾಲಿನಲ್ಲಿ ಕೆಸರಿಗೆ ಇಳಿಯುವ ಹೆಣ್ಣುಮಕ್ಕಳು, ಕೊಯ್ಲಾದ ಗದ್ದೆಯಲ್ಲಿ ಮಂದೆ ಬಿಡುವ ಕುರಿಗಾಹಿಗಳು, ಮೇವು ಹುಡುಕುವ ದನಗಳು. ಕೆಲವೊಮ್ಮೆ ವಿಹಾರದಲ್ಲಿರುವ ಸಾಧು ಸಾಧ್ವಿಯರೂ ಬರುತ್ತಾರೆ. ಈರ್ಯಾ ಸಮಿತಿಯಿಂದ ನಡೆಯುವ ಮುನಿಯು ಇರುವೆಯನ್ನು ನೋಡಿ ಕಾಲು ತಪ್ಪಿಸಬಲ್ಲರು. ಮಣ್ಣಿನಡಿ ಹುದುಗಿದ ಗಾಜಿನ ಚೂರನ್ನು ಹೇಗೆ ತಪ್ಪಿಸಿಯಾರು?

ಶ್ವೇತಾಂಬರ ಆಗಮವಾದ ಜ್ಞಾತೃಧರ್ಮಕಥಾಂಗದಲ್ಲಿ ಧರ್ಮರುಚಿ ಮುನಿಯ ಕಥೆಯಿದೆ. ಚಂಪಾನಗರಿಯ ನಾಗಶ್ರೀ ಎಂಬ ಗೃಹಿಣಿ ಎಣ್ಣೆ, ಮಸಾಲೆಗಳನ್ನು ಧಾರಾಳವಾಗಿ ಹಾಕಿ ಸೋರೆಕಾಯಿಯ ಪಲ್ಯ ಮಾಡಿದಳು. ಒಂದು ಹನಿ ರುಚಿ ನೋಡಿದಾಗ ಕಾಯಿ ವಿಷದಂತೆ ಕಹಿಯಾಗಿತ್ತು. ಮನೆಯವರು ನಿಂದಿಸುವರೆಂದು ನಾಚಿ ಅದನ್ನು ಮುಚ್ಚಿಟ್ಟು ಬೇರೆ ಅಡುಗೆ ಮಾಡಿದಳು. ಅಷ್ಟರಲ್ಲಿ ಒಂದು ತಿಂಗಳ ಉಪವಾಸ ಮುಗಿಸಿದ ಧರ್ಮರುಚಿ ಪಾರಣೆಗಾಗಿ ಬಂದರು. ಇದನ್ನು ಕಳೆದುಕೊಳ್ಳಲು ಒಳ್ಳೆಯ ಅವಕಾಶವೆಂದು ಬಗೆದ ನಾಗಶ್ರೀ ಅಷ್ಟನ್ನೂ ಅವರ ಪಾತ್ರೆಗೆ ಸುರಿದಳು.

ಗುರುಗಳಾದ ಧರ್ಮಘೋಷರು ಅದು ವಿಷವೆಂದು ಅರಿತು, ನಿರ್ಜೀವ ಸ್ಥಳದಲ್ಲಿ ವಿಸರ್ಜಿಸಿ ಬರುವಂತೆ ಆಜ್ಞಾಪಿಸಿದರು. ಧರ್ಮರುಚಿ ಊರ ಹೊರಗೆ ಹೋಗಿ, ನೆಲವನ್ನು ಪರೀಕ್ಷಿಸಿ, ಮೊದಲು ಒಂದೇ ಹನಿಯನ್ನು ಇಟ್ಟು ನೋಡಿದರು. ಎಣ್ಣೆಯ ವಾಸನೆಗೆ ಸಾವಿರಾರು ಇರುವೆಗಳು ಬಂದವು, ತಿಂದವೆಲ್ಲ ಸತ್ತವು. ಒಂದು ಹನಿಗೆ ಇಷ್ಟು ಹಿಂಸೆಯಾದರೆ ಉಳಿದುದನ್ನು ಯಾವ ನೆಲ ತಡೆದೀತು ಎಂದು ಯೋಚಿಸಿದ ಮುನಿ, ಅದನ್ನು ಇಡಲು ತಮ್ಮ ಉದರವೇ ತಕ್ಕ ಸ್ಥಳವೆಂದು ನಿರ್ಧರಿಸಿ, ಎಲ್ಲವನ್ನೂ ತಾವೇ ಸೇವಿಸಿ ಸಮಾಧಿಮರಣವನ್ನು ಹೊಂದಿದರು.

ಈ ಕಥೆಯನ್ನು ಧರ್ಮರುಚಿಯ ಕರುಣೆಗಾಗಿ ಹೇಳುವುದುಂಟು. ನಾಗಶ್ರೀಯ ಕಡೆಯಿಂದಲೂ ಅದನ್ನು ಓದಬೇಕು. ಆಕೆಗೆ ಮುನಿಯ ಮೇಲೆ ದ್ವೇಷವಿರಲಿಲ್ಲ. ಬೇಡವಾದದ್ದು ತನ್ನ ಅಡುಗೆಮನೆಯಿಂದ ಹೊರಹೋಗಬೇಕು, ಯಾರಿಗೂ ತಿಳಿಯಬಾರದು, ಇಷ್ಟೇ ಆಕೆಯ ಬಯಕೆ. ಆದರೂ ಆಗಮವು ಅದನ್ನು ಘೋರ ಪಾಪವೆಂದೇ ಎಣಿಸಿ, ಜನ್ಮಜನ್ಮಾಂತರಗಳ ದುಃಖವನ್ನು ಆಕೆಗೆ ಹೇಳಿದೆ. ಪ್ರಮಾದದಿಂದ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆಯೆಂಬುದು ಜೈನರ ಮೂಲಭೂತ ವ್ಯಾಖ್ಯೆ. ರಾತ್ರಿ ಗದ್ದೆಯ ದಾರಿಯಲ್ಲಿ ಕಸ ಸುರಿಯುವವನ ಮನಸ್ಸೂ ನಾಗಶ್ರೀಯ ಮನಸ್ಸೇ ಆಗಿದೆ.

ಉತ್ಸರ್ಗ ಸಮಿತಿಯು ಮಹಾವ್ರತಿಗಳಿಗೆ ಹೇಳಿದ್ದು, ಶ್ರಾವಕರಿಗೆ ಅನ್ವಯಿಸದು ಎಂಬ ಆಕ್ಷೇಪ ಬರಬಹುದು. ಆದರೆ ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡ ವ್ರತವೂ ಒಂದು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಬಾಧೆ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಕರೆದು, ಅದನ್ನು ಅನರ್ಥದಂಡದ ಐದು ಬಗೆಗಳಲ್ಲಿ ಸೇರಿಸಿದ್ದಾರೆ. ದಾರಿಬದಿಯ ಕಸ ನೆಲವನ್ನು ಕೆಡಿಸುತ್ತದೆ. ಮಳೆ ಬಂದಾಗ ಹಳ್ಳ ಸೇರಿ ತುಂಗಭದ್ರೆಗೆ ಇಳಿಯುತ್ತದೆ. ಬೆಂಕಿಯಿಟ್ಟರೆ ಗಾಳಿಯನ್ನು ವಿಷವಾಗಿಸುತ್ತದೆ. ಹರಿಹರವೂ ದಾವಣಗೆರೆಯೂ ಕುಡಿಯುವ ನೀರಿಗೆ ತುಂಗಭದ್ರೆಯನ್ನು ಆಶ್ರಯಿಸಿವೆ.

‘ಸುರಿದವನು ನಾನಲ್ಲ, ಟ್ರ್ಯಾಕ್ಟರಿನವನು’ ಎಂಬ ಸಮಾಧಾನಕ್ಕೂ ಶಾಸ್ತ್ರದಲ್ಲಿ ಎಡೆಯಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಪಾಪಕ್ಕೆ ಮೂರು ದ್ವಾರಗಳು. ಮನೆ ಕೆಡವಿದ ಮಣ್ಣನ್ನು ‘ಎಲ್ಲಾದರೂ ಹಾಕಿ ಬಾ’ ಎಂದು ಬಾಡಿಗೆ ಕೊಟ್ಟವನು ಮಾಡಿಸಿದವನಾಗುತ್ತಾನೆ. ಎಲ್ಲಿಗೆ ಹೋಯಿತೆಂದು ಕೇಳದೆ ಸುಮ್ಮನಾದವನು ಒಪ್ಪಿದವನಾಗುತ್ತಾನೆ.

ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೇ ಕುಡಿಯುವ ಪದ್ಧತಿ ಅನೇಕ ಜೈನ ಮನೆಗಳಲ್ಲಿದೆ. ಎಂಜಲು ಉಳಿದರೆ 48 ನಿಮಿಷಗಳ ಒಂದು ಮುಹೂರ್ತದೊಳಗೆ ಅದರಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂಬ ಭಯವೇ ಅದಕ್ಕೆ ಕಾರಣ. ಅಂತಹ ಸಮಾಜದ ಸಮಾರಂಭಗಳಲ್ಲಿಯೇ ಉಳಿದ ಅನ್ನ ಪ್ಲಾಸ್ಟಿಕ್ ಚೀಲದೊಳಗೆ ಗಂಟಾಗಿ ಹೊರಹೋಗುವುದುಂಟು. ಗಂಟನ್ನು ಬಿಚ್ಚಲಾರದ ಹಸು ಅನ್ನದೊಡನೆ ಚೀಲವನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಕಟ್ಟಿಕೊಂಡು, ಮೇವು ಇಳಿಯದಂತೆ ಮಾಡಿ, ಹಸುವನ್ನು ನಿಧಾನವಾಗಿ ಕೊಲ್ಲುತ್ತದೆ. ಗೋಶಾಲೆಗೆ ಮೇವಿನ ದಾನ ಕೊಡುವ ಕೈಯೇ ಈ ಗಂಟನ್ನು ಕಟ್ಟಿದರೆ ದಾನದ ಫಲವೇನು?

ದೋಷ ಗೃಹಸ್ಥರದ್ದು ಮಾತ್ರವಲ್ಲ ಎಂಬುದೂ ನಿಜ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಬೇಕೆಂದೂ, ಬೀದಿ, ಬಯಲು, ಜಲಮೂಲಗಳಿಗೆ ಎಸೆಯಬಾರದೆಂದೂ 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಕಟ್ಟಡ ತ್ಯಾಜ್ಯಕ್ಕೆ ಅದೇ ವರ್ಷ ಪ್ರತ್ಯೇಕ ನಿಯಮಗಳು ಬಂದವು. ನಿಯಮವಿದ್ದರೆ ಸಾಲದು, ಇಂತಹ ಕಡೆ ಹಾಕಿರೆಂದು ಆಡಳಿತವು ಜಾಗ ತೋರಿಸಬೇಕು, ಗಾಡಿ ಹೊತ್ತಿಗೆ ಸರಿಯಾಗಿ ಬರಬೇಕು. ನಗರ ತನ್ನ ಕಸವನ್ನು ಹಳ್ಳಿಯ ತಲೆಗೆ ಕಟ್ಟಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಹೊರವಲಯದ ಮಂಡೂರು ಕಂಡಿದೆ. ಅಲ್ಲಿಯ ಜನ ದುರ್ವಾಸನೆ, ನೊಣ, ಕೆಟ್ಟ ನೀರುಗಳಿಂದ ಬೇಸತ್ತು 2014ರಲ್ಲಿ ಬೀದಿಗಿಳಿದ ಮೇಲೆಯೇ ಲಾರಿಗಳು ನಿಂತವು. ದಾವಣಗೆರೆ, ಹರಿಹರಗಳ ಸುತ್ತಲಿನ ರೈತರನ್ನು ಆ ಸ್ಥಿತಿಗೆ ತಳ್ಳಬಾರದು.

ಶ್ರಾವಕ ಶ್ರಾವಿಕೆಯರು ಮನೆಮಟ್ಟಿಗೆ ಉತ್ಸರ್ಗ ಸಮಿತಿಯನ್ನು ನಿಯಮವಾಗಿ ಸ್ವೀಕರಿಸಬಹುದು. ಕಸವನ್ನು ಬೇರ್ಪಡಿಸಿ ಗಾಡಿಗೇ ಕೊಡುವುದು; ಪೌರಕಾರ್ಮಿಕರ ಕೈಗೆ ಚುಚ್ಚದಂತೆ ಗಾಜು, ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿಡುವುದು; ಅನ್ನವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಸೆಯದಿರುವುದು; ಮನೆ ಕಟ್ಟಿಸುವಾಗ ಹಳೆಯ ಇಟ್ಟಿಗೆ ಮಣ್ಣು ಎಲ್ಲಿ ಇಳಿಯಿತೆಂದು ಹೋಗಿ ನೋಡುವುದು. ಬಸದಿ, ಮಂದಿರಗಳ ಸಮಿತಿಗಳು ಪೂಜೆ, ಪ್ರತಿಷ್ಠೆಗಳ ಖರ್ಚಿನ ಪಟ್ಟಿಯಲ್ಲಿ ಕಸದ ವಿಲೇವಾರಿಯನ್ನೂ ಬರೆಯಬೇಕು. ಇದರ ಜೊತೆಗೆ ಅಪರಿಗ್ರಹವೂ ಬೇಕು. ಕೊಳ್ಳುವುದು ಕಡಿಮೆಯಾಗದೆ ಎಸೆಯುವುದು ಕಡಿಮೆಯಾಗದು.

ಧರ್ಮರುಚಿಯ ತ್ಯಾಗ ಗೃಹಸ್ಥರಿಗೆ ಅಸಾಧ್ಯ, ಅದನ್ನು ಯಾರೂ ಕೇಳುತ್ತಲೂ ಇಲ್ಲ. ವಿಷವನ್ನು ಸುರಿಯುವ ಮೊದಲು ಅವರು ಒಂದು ಹನಿಯನ್ನು ನೆಲಕ್ಕಿಟ್ಟು ಕಾದರು, ಬಂದ ಇರುವೆಗಳನ್ನು ನೋಡಿದರು. ಅಷ್ಟು ಹೊತ್ತು ನಿಂತು ನೋಡುವುದು ಎಲ್ಲರಿಗೂ ಸಾಧ್ಯ. ಹಾಗೆ ನೋಡಿದವನು ಗದ್ದೆಯ ದಾರಿಗೆ ಕಸ ಸುರಿಯಲಾರ.